ಕಡಲು ಮರಳಿಸಿದ ನಾಣ್ಯಗಳು

ಕಡಲಿಗೆ ಬಿದ್ದ ವಸ್ತು ಹೋಯಿತೆಂದೇ ಒಳನಾಡಿನವರು ಲೆಕ್ಕ ಬರೆದುಬಿಡುತ್ತಾರೆ. ಕರಾವಳಿಯವರ ಅನುಭವ ಬೇರೆ. ಕಡಲು ಕೊಂಡೊಯ್ದುದರಲ್ಲಿ ಒಂದು ಪಾಲನ್ನು ತನಗೆ ಮನಸ್ಸು ಬಂದಾಗ ದಡಕ್ಕೆ ತಂದು ಚೆಲ್ಲುತ್ತದೆ. ಬಿರುಗಾಳಿ ಕಳೆದ ಮರುದಿನ ಮರಳದಂಡೆಯ ಮೇಲೆ ನಡೆದವರಿಗೆ ಇದು ಹೊಸ ಮಾತಲ್ಲ. ಹಲಗೆ, ಹಗ್ಗ, ಬಲೆಯ ಚೂರು, ಚಿಪ್ಪು, ಸೀಸೆ—ಇವುಗಳ ನಡುವೆ ಎಲ್ಲಿಯೋ ಒಂದು ಕಡೆ ಹಳೆಯ ನಾಣ್ಯವೂ ಬಿದ್ದಿದ್ದರೆ? ಈ ಒಂದು ‘ಇದ್ದರೆ’ ಇಂದು ಜಗತ್ತಿನ ಎಷ್ಟೋ ಕಡಲತೀರಗಳಲ್ಲಿ ಜನರನ್ನು ನಸುಕಿನಲ್ಲಿಯೇ ಎಬ್ಬಿಸುತ್ತಿದೆ. ಉದ್ದನೆಯ ಕೋಲಿನ ತುದಿಗೆ ತಟ್ಟೆ ಸಿಕ್ಕಿಸಿದಂಥ ಯಂತ್ರವೊಂದನ್ನು ಕೈಯಲ್ಲಿ ಹಿಡಿದು, ಕಿವಿಗೆ ಹೆಡ್‌ಫೋನ್ ಏರಿಸಿ, ನೆಲ ನೋಡುತ್ತ ಅವರು ಮೆಲ್ಲಗೆ ನಡೆಯುತ್ತಾರೆ. ದೂರದಿಂದ ನೋಡಿದವರಿಗೆ ಮರಳನ್ನು ಗುಡಿಸುತ್ತಿರುವಂತೆ ಕಾಣುತ್ತದೆ.

ಈ ಹವ್ಯಾಸವನ್ನು ಬರಿಯ ದುರಾಸೆಯೆಂದು ತಳ್ಳಿಹಾಕುವುದು ಸುಲಭ. ಸಾಹಸವೆಂದು ಕೊಂಡಾಡುವುದು ಅದಕ್ಕಿಂತ ಸುಲಭ. ಇವೆರಡಕ್ಕೂ ಮೊದಲು, ಈ ಯಂತ್ರ ಒಂದು ಪಾಳು ದಡದಲ್ಲಿ ಏನನ್ನು ಕಂಡಿತು, ಏನನ್ನು ಕಾಣಲಾರದೆ ಹೋಯಿತು ಎಂಬುದನ್ನು ವಿಚಾರಿಸುವುದು ಒಳ್ಳೆಯದು. ಆ ದಡವಿರುವುದು ಅಮೆರಿಕದ ಫ್ಲಾರಿಡಾ ರಾಜ್ಯದ ಪೂರ್ವತೀರದಲ್ಲಿ, ಸೆಬಾಸ್ಟಿಯನ್ ಅಳಿವೆಯಿಂದ ದಕ್ಷಿಣಕ್ಕೆ ಫೋರ್ಟ್ ಪಿಯರ್ಸ್ ಊರಿನವರೆಗೆ. ಇಂದು ಅದಕ್ಕೆ ‘ನಿಧಿಯ ಕರಾವಳಿ’ ಎಂದೇ ಹೆಸರು.

ಹನ್ನೊಂದು ಹಡಗುಗಳು

ಹದಿನೆಂಟನೆಯ ಶತಮಾನದ ಆರಂಭದಲ್ಲಿ ಸ್ಪೇನಿನ ಸಿಂಹಾಸನಕ್ಕಾಗಿ ಯೂರೋಪಿನಲ್ಲಿ ನಡೆದ ದೀರ್ಘಯುದ್ಧ ಮುಗಿಯುವ ವೇಳೆಗೆ ದೊರೆ ಐದನೆಯ ಫಿಲಿಪನ ಬೊಕ್ಕಸ ಬರಿದಾಗಿತ್ತು. ಮೆಕ್ಸಿಕೊ ಮತ್ತು ದಕ್ಷಿಣ ಅಮೆರಿಕದ ಗಣಿಗಳ ಬೆಳ್ಳಿ ಬಂಗಾರಗಳು ಯುದ್ಧದ ಭಯದಿಂದ ವರ್ಷಗಟ್ಟಲೆ ಅತ್ತಕಡೆಯೇ ಉಳಿದಿದ್ದುವು. ಅದನ್ನು ಹೊತ್ತು ತರಲು ಹನ್ನೊಂದು ಸ್ಪೇನಿನ ಹಡಗುಗಳು ಹವಾನಾ ರೇವಿನಲ್ಲಿ ಕೂಡಿದುವು. ಉಬಿಯಾ, ಎಚೆವೆರ್ಸ್ ಎಂಬಿಬ್ಬರು ಅವುಗಳ ದಳಪತಿಗಳು. ಗ್ರಿಫನ್ ಎಂಬ ಫ್ರೆಂಚ್ ಹಡಗೊಂದು ಜೊತೆಗೆ ಸೇರಿತು. ಸಿದ್ಧತೆಯಲ್ಲಿ ತಡವಾಗಿ, ಬಿರುಗಾಳಿಯ ಕಾಲ ತಲೆಯ ಮೇಲೆ ಬಂದಿತ್ತು. ಆದರೂ ೧೭೧೫ನೆಯ ಇಸವಿ ಜುಲೈ ೨೪ರಂದು ಅವು ಹಾಯಿ ಬಿಚ್ಚಿದುವು.

ಒಂದು ವಾರ ಕಳೆಯುವುದರೊಳಗೆ ಎಲ್ಲವೂ ಮುಗಿದಿತ್ತು. ಜುಲೈ ೩೦ರ ರಾತ್ರಿ ಎದ್ದ ಚಂಡಮಾರುತವು ೩೧ರ ಬೆಳಗಿನ ಜಾವಕ್ಕೆ ಹನ್ನೊಂದು ಹಡಗುಗಳನ್ನೂ ಫ್ಲಾರಿಡಾದ ದಡದ ಬಂಡೆಸಾಲಿಗೆ ತಂದು ಅಪ್ಪಳಿಸಿತು. ತೆರೆದ ಕಡಲಿನಲ್ಲಿ ತುಸು ದೂರವಿದ್ದ ಫ್ರೆಂಚ್ ಹಡಗು ಮಾತ್ರ ಉಳಿಯಿತು. ಸುಮಾರು ಒಂದು ಸಾವಿರ ಜನ ಸತ್ತರು. ದಳಪತಿ ಉಬಿಯಾ ಅವರಲ್ಲೊಬ್ಬ. ಉಳಿದವರು ಒದ್ದೆ ಬಟ್ಟೆಯಲ್ಲಿ, ಊರಿಲ್ಲದ ದಡದಲ್ಲಿ, ಸೊಳ್ಳೆಗಳ ನಡುವೆ ಬೀಡುಬಿಟ್ಟು ನೆರವಿಗಾಗಿ ಕಾದರು.

ಸುದ್ದಿ ಹವಾನಾಕ್ಕೆ ಮುಟ್ಟಿದ ಮೇಲೆ ಸರ್ಕಾರದ ಜನ ಬಂದು ಅದೇ ದಡದಲ್ಲಿ ಶಿಬಿರ ಹೂಡಿದರು. ಮುಳುಗುಗಾರರನ್ನು ನೀರಿಗಿಳಿಸಿದರು. ಅವರಲ್ಲಿ ಬಹುಮಂದಿ ಅಲ್ಲಿನ ಮೂಲನಿವಾಸಿಗಳು. ಬಿಗಿಹಿಡಿದ ಉಸಿರೊಂದೇ ಅವರ ಸಲಕರಣೆ. ಎಷ್ಟೋ ಜನ ಆ ಕೆಲಸದಲ್ಲಿಯೇ ಪ್ರಾಣ ಬಿಟ್ಟರು. ಮೇಲೆ ಬಂದ ಬೆಳ್ಳಿಯ ವಾಸನೆ ಹಿಡಿದು, ಕೆಲವೇ ತಿಂಗಳೊಳಗೆ, ಹೆನ್ರಿ ಜೆನ್ನಿಂಗ್ಸ್ ಎಂಬ ಇಂಗ್ಲಿಷ್ ನಾವಿಕನು ಜಮೈಕಾದಿಂದ ಬಂದು ಶಿಬಿರವನ್ನೇ ದೋಚಿಕೊಂಡು ಹೋದ. ಕೆಲವು ವರ್ಷಗಳಲ್ಲಿ, ತೆಗೆಯಲು ಸಾಧ್ಯವಾದಷ್ಟನ್ನು ತೆಗೆದು, ಸ್ಪೇನಿನವರು ಹೊರಟುಹೋದರು. ಬಳಿಕ ಎರಡು ಶತಮಾನಗಳ ಕಾಲ ಅಲ್ಲಿ ಅಲೆ, ಮರಳು, ಕುರುಚಲು ತಾಳೆ, ಮೊಟ್ಟೆಯಿಡಲು ಬರುವ ಕಡಲಾಮೆ—ಇಷ್ಟೇ.

ಇಲ್ಲದ ಇಸವಿ

ಎರಡನೆಯ ಮಹಾಯುದ್ಧದ ತರುವಾಯ ಕಿಪ್ ವ್ಯಾಗ್ನರ್ ಎಂಬಾತ ಒಹಾಯೊ ರಾಜ್ಯದಿಂದ ಬಂದು ಆ ಭಾಗದಲ್ಲಿ ನೆಲೆಸಿದ. ಮನೆ ಕಟ್ಟಿಸುವುದು ಅವನ ಕಸುಬು. ಬಿರುಗಾಳಿಯ ನಂತರ ದಡದಲ್ಲಿ ಬೆಳ್ಳಿ ನಾಣ್ಯಗಳು ಸಿಕ್ಕುತ್ತವೆಂಬುದು ಅಲ್ಲಿನವರಿಗೆ ತಿಳಿದ ಸಂಗತಿ. ಅವನಿಗೂ ಕೆಲವು ಸಿಕ್ಕಿದುವು.

ಆ ನಾಣ್ಯಗಳು ಹೇಗಿರುತ್ತವೆಂದು ಹೇಳದಿದ್ದರೆ ಮುಂದಿನ ಮಾತು ಸ್ಪಷ್ಟವಾಗದು. ಅವು ಇಂದಿನ ನಾಣ್ಯಗಳಂತೆ ದುಂಡಗಿಲ್ಲ. ಮೆಕ್ಸಿಕೊದ ಟಂಕಸಾಲೆಯಲ್ಲಿ ಬೆಳ್ಳಿಯ ಸರಳನ್ನು ತುಂಡು ತುಂಡಾಗಿ ಕತ್ತರಿಸಿ, ತೂಕ ಸರಿಹೋಗುವವರೆಗೆ ಅಂಚನ್ನು ಸವರಿ, ಎರಡು ಅಚ್ಚುಗಳ ನಡುವೆ ಇಟ್ಟು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ತೂಕ ಕರಾರುವಾಕ್ಕು, ಆಕಾರ ದೇವರಿಗೇ ಪ್ರೀತಿ. ದೊಡ್ಡದಾದ ಎಂಟು ರಿಯಾಲಿನ ನಾಣ್ಯ ಸುಮಾರು ೨೭ ಗ್ರಾಂ—ನಮ್ಮ ಹಳೆಯ ಲೆಕ್ಕದಲ್ಲಿ ಎರಡು ತೊಲಕ್ಕಿಂತ ಸ್ವಲ್ಪ ಹೆಚ್ಚು. ಒಂದು ಮುಖದಲ್ಲಿ ಶಿಲುಬೆ, ಇನ್ನೊಂದರಲ್ಲಿ ರಾಜಲಾಂಛನ. ಅದರ ಪಕ್ಕದಲ್ಲಿ ಟಂಕಸಾಲೆಯ ಗುರುತು ಮತ್ತು ಬೆಳ್ಳಿಯ ಶುದ್ಧಿಗೆ ಹೊಣೆಯಾದ ಪರೀಕ್ಷಕನ ಹೆಸರಿನ ಅಕ್ಷರ. ಇಸವಿ ಅಂಚಿನಲ್ಲಿ ಇರಬೇಕು. ಅಂಚನ್ನು ಸವರಿದಾಗ ಅನೇಕ ವೇಳೆ ಅದೂ ಹೋಗಿರುತ್ತದೆ. ಬಂಗಾರ ಕಡಲಿನಲ್ಲಿ ಎಷ್ಟು ಕಾಲವಿದ್ದರೂ ಮಾಸುವುದಿಲ್ಲ. ಬೆಳ್ಳಿ ಹಾಗಲ್ಲ, ಉಪ್ಪುನೀರು ಅದನ್ನು ತಿಂದು ಕಪ್ಪಾಗಿಸುತ್ತದೆ. ದಡದಲ್ಲಿ ಬಿದ್ದ ಅಂಥ ನಾಣ್ಯವನ್ನು ಕಲ್ಲಿನ ಚಕ್ಕೆಯೆಂದು ಕಾಲಿನಿಂದ ಒದ್ದು ಮುಂದೆ ಹೋಗುವವರೇ ಹೆಚ್ಚು.

ವ್ಯಾಗ್ನರನು ತನಗೆ ಸಿಕ್ಕ ನಾಣ್ಯಗಳಲ್ಲಿ ಓದಲು ಬರುವ ಇಸವಿಗಳನ್ನೆಲ್ಲ ಗಮನಿಸಿದ. ೧೭೧೫ರ ಈಚಿನದು ಒಂದೂ ಇರಲಿಲ್ಲ. ಇದ್ದ ಇಸವಿಗಳಿಗಿಂತ ಇಲ್ಲದ ಇಸವಿ ಅವನನ್ನು ಕಾಡಿತು. ಇದರ ತರ್ಕ ಬಹಳ ಸರಳ: ಇಂದು ಕಳೆದುಹೋದ ಚೀಲದಲ್ಲಿ ನಿನ್ನೆಯ ನಾಣ್ಯವಿರಬಹುದು, ಅಜ್ಜನ ಕಾಲದ್ದೂ ಇರಬಹುದು, ನಾಳೆ ಅಚ್ಚಾಗುವ ನಾಣ್ಯ ಇರಲಾರದು. ಒಂದೇ ಕಡೆ ಸಿಕ್ಕ ನಾಣ್ಯಗಳಲ್ಲಿ ಎಲ್ಲಕ್ಕಿಂತ ಈಚಿನದು ಯಾವುದೋ, ಅವು ನೆಲಸೇರಿದ ಕಾಲ ಅದಕ್ಕಿಂತ ಹಿಂದಿನದಲ್ಲ. ಪುರಾತತ್ತ್ವದ ವಿದ್ಯಾರ್ಥಿಗಳು ಮೊದಲ ವರ್ಷದಲ್ಲಿ ಕಲಿಯುವ ಈ ಪಾಠವನ್ನು ಮನೆ ಕಟ್ಟುವ ಕಸುಬಿನವನೊಬ್ಬ ದಡದಲ್ಲಿ ತಾನಾಗಿ ಕಲಿತ.

ಆ ಹಡಗುಗಳು ಮುಳುಗಿದ್ದು ಅಲ್ಲಿಂದ ಬಹುದೂರ, ದಕ್ಷಿಣದ ದ್ವೀಪಗಳ ಬಳಿ ಎಂಬುದು ಆಗ ಪ್ರಚಲಿತವಾಗಿದ್ದ ಅಭಿಪ್ರಾಯ. ವ್ಯಾಗ್ನರನ ನಾಣ್ಯಗಳು ಬೇರೆಯೇ ಮಾತನ್ನು ಹೇಳುತ್ತಿದ್ದುವು. ಅವನ ಗೆಳೆಯನಾದ ವೈದ್ಯ ಕಿಪ್ ಕೆಲ್ಸೊ ಗ್ರಂಥಾಲಯಗಳನ್ನು ಜಾಲಾಡಿದ. ಕೊನೆಗೆ ಬರ್ನಾರ್ಡ್ ರೋಮನ್ಸ್ ಎಂಬಾತ ೧೭೭೫ರಲ್ಲಿ ಪ್ರಕಟಿಸಿದ ಫ್ಲಾರಿಡಾ ವರ್ಣನೆಯ ಗ್ರಂಥ ಅವನ ಕೈಗೆ ಬಂದಿತು. ಸೆಬಾಸ್ಟಿಯನ್ ನದಿಯ ಎದುರಿಗೆ ೧೭೧೫ರಲ್ಲಿ ಸ್ಪೇನಿನ ಬೆಳ್ಳಿಯ ಹಡಗುಗಳು ನಾಶವಾದುವೆಂದು ಅದರ ಭೂಪಟದಲ್ಲಿ ಬರೆದಿತ್ತು. ಗಾಳಿ ಜೋರಾದಾಗ ಅಲೆಗಳು ನಾಣ್ಯಗಳನ್ನು ದಡಕ್ಕೆ ತರುತ್ತವೆಂಬ ಮಾತೂ ಗ್ರಂಥದಲ್ಲಿತ್ತು. ಬಳಿಕ ಸ್ಪೇನಿನ ಸೆವಿಯ್ಯಾ ನಗರದ ದಫ್ತರಖಾನೆಗೆ ಪತ್ರ ಹೋಯಿತು. ಅಲ್ಲಿಂದ ಅಂದಿನ ಅಧಿಕಾರಿಗಳ ಕೈಬರಹದ ಸಾವಿರಾರು ಹಾಳೆಗಳ ಛಾಯಾಪ್ರತಿಗಳು ಬಂದುವು. ನಾಣ್ಯವೂ ಕಾಗದವೂ ಒಂದನ್ನೊಂದು ಬೆಂಬಲಿಸಿದುವು.

ಯಂತ್ರದ ಪಾತ್ರ

ಇಷ್ಟೆಲ್ಲ ಆದ ಮೇಲೆಯೇ ಲೋಹಶೋಧಕ ಯಂತ್ರ ಈ ಕಥೆಯೊಳಗೆ ಕಾಲಿಡುವುದು. ಅದರ ವಂಶಾವಳಿಯೂ ವಿಚಿತ್ರವಾದುದೇ. ೧೮೮೧ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡನಿಗೆ ಗುಂಡು ತಗುಲಿದಾಗ, ದೇಹದಲ್ಲಿ ಹುದುಗಿದ ಗುಂಡನ್ನು ಪತ್ತೆಮಾಡಲು ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್ ಇಂಥದೊಂದು ಉಪಕರಣವನ್ನು ತಂದಿದ್ದ. ಹಾಸಿಗೆಯ ಲೋಹದ ಸುರುಳಿಗಳು ಅದನ್ನು ದಾರಿತಪ್ಪಿಸಿದುವು. ಗುಂಡು ಸಿಕ್ಕಲಿಲ್ಲ, ಅಧ್ಯಕ್ಷ ಉಳಿಯಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಪೋಲೆಂಡಿನ ಸೇನಾಧಿಕಾರಿ ಯೂಸೆಫ್ ಕೊಸಾಟ್ಸ್ಕಿ ನೆಲದಲ್ಲಿ ಹುಗಿದ ಸಿಡಿಮದ್ದನ್ನು ಕಂಡುಹಿಡಿಯುವ ಕೈಯಂತ್ರವನ್ನು ರೂಪಿಸಿದ. ಅದರ ಹಕ್ಕನ್ನು ಕಾದಿರಿಸಿಕೊಳ್ಳದೆ ಬ್ರಿಟಿಷ್ ಸೈನ್ಯಕ್ಕೆ ಧರ್ಮಾರ್ಥವಾಗಿ ಕೊಟ್ಟುಬಿಟ್ಟ. ೧೯೪೨ರಲ್ಲಿ ಎಲ್ ಅಲಮೈನಿನ ಮರಳುಗಾಡಿನಲ್ಲಿ ಅದು ಎಷ್ಟೋ ಜೀವಗಳನ್ನು ಉಳಿಸಿತು. ಯುದ್ಧ ಮುಗಿದಾಗ ಅಮೆರಿಕದ ಸೈನ್ಯ ತನ್ನಲ್ಲಿ ಮಿಕ್ಕ ಇಂಥ ಯಂತ್ರಗಳನ್ನು ಅಗ್ಗದ ಬೆಲೆಗೆ ಮಾರಿತು. ಅಂಥದೊಂದು ವ್ಯಾಗ್ನರನ ಕೈ ಸೇರಿತು.

ಯಂತ್ರದ ತತ್ತ್ವ ಕಷ್ಟದ್ದಲ್ಲ. ತಟ್ಟೆಯೊಳಗಿನ ತಂತಿಸುರುಳಿಯಲ್ಲಿ ದಿಕ್ಕು ಬದಲಿಸುವ ವಿದ್ಯುತ್ತು ಹರಿದಾಗ ಸುತ್ತಲೂ ಏರಿಳಿಯುವ ಕಾಂತಕ್ಷೇತ್ರ ಹುಟ್ಟುತ್ತದೆ. ಅದು ಮರಳಿನಡಿಯ ನಾಣ್ಯವನ್ನು ಮುಟ್ಟಿದಾಗ ಲೋಹದೊಳಗೆ ಸಣ್ಣ ಸುಳಿವಿದ್ಯುತ್ತು ಎದ್ದು, ತನ್ನದೇ ಒಂದು ಕ್ಷೀಣ ಕ್ಷೇತ್ರವನ್ನು ಹೊರಡಿಸುತ್ತದೆ. ಯಂತ್ರ ಅದನ್ನು ಹಿಡಿದು ಶಬ್ದವಾಗಿ ಕಿವಿಗೆ ತಲುಪಿಸುತ್ತದೆ. ಆದರೆ ಕಡಲತೀರದಲ್ಲಿ ಉಪ್ಪುನೀರು ತಾನೇ ವಿದ್ಯುದ್ವಾಹಕ. ಕಬ್ಬಿಣದ ಅಂಶವುಳ್ಳ ಕಪ್ಪು ಮರಳೂ ಸುಳ್ಳು ಕೂಗು ಕೂಗಿಸುತ್ತದೆ. ಈಗಿನ ಯಂತ್ರಗಳು ಹಲವು ಆವರ್ತನಗಳನ್ನು ಒಟ್ಟಿಗೆ ಬಳಸಿ ಈ ಗೊಂದಲವನ್ನು ಬಹುಮಟ್ಟಿಗೆ ಕಳೆಯುತ್ತವೆ. ವ್ಯಾಗ್ನರನ ಯಂತ್ರಕ್ಕೆ ಆ ಜಾಣತನವಿರಲಿಲ್ಲ. ಕಾಲವನ್ನೂ ಅರಿತಿರಬೇಕು. ಅಲೆಗಳು ಕದಡಿದ ಮರಳಿನಲ್ಲಿ ಭಾರದ ವಸ್ತು ಕೆಳಕ್ಕಿಳಿಯುತ್ತ ಗಟ್ಟಿ ಪದರದ ಮೇಲೆ ನಿಲ್ಲುತ್ತದೆ. ದೊಡ್ಡ ಗಾಳಿಯ ಅಲೆಗಳು ಮೇಲಿನ ಮರಳನ್ನು ಕೊಚ್ಚಿದಾಗ ಮಾತ್ರ ಆ ಪದರ ಯಂತ್ರಕ್ಕೆ ನಿಲುಕುತ್ತದೆ. ಕೆಲವೇ ದಿನಗಳಲ್ಲಿ ಮತ್ತೆ ಮುಚ್ಚಿಹೋಗುತ್ತದೆ.

ವ್ಯಾಗ್ನರನು ನಾಣ್ಯಗಳನ್ನು ಬಿಟ್ಟು, ಶಿಬಿರವನ್ನು ಹುಡುಕಲು ಯಂತ್ರವನ್ನು ಬಳಸಿದ. ನೀರಿನಲ್ಲಿ ಹಡಗು ಇದ್ದರೆ ದಡದಲ್ಲಿ ಅದರ ಎದುರಿಗೇ ಶಿಬಿರವೂ ಇದ್ದಿರಬೇಕಲ್ಲವೆ? ಡಬ್ಬಿ, ಮೊಳೆ, ತಂತಿಗಳ ಕೂಗನ್ನು ದಿನಗಟ್ಟಲೆ ಸಹಿಸಿದ ಮೇಲೆ, ದಿಬ್ಬದ ಹಿಂದೆ ಹಡಗಿನ ಮೊಳೆಯೂ ಫಿರಂಗಿಯ ಗುಂಡೂ ದೊರೆತುವು. ಅಗೆದಾಗ ಚೀನಾದ ಪಿಂಗಾಣಿಯ ಚೂರುಗಳು, ವಜ್ರ ಕೂರಿಸಿದ ಒಂದು ಚಿನ್ನದ ಉಂಗುರ ಬಂದುವು. ಚೀನಾದ ಪಿಂಗಾಣಿ ಮನಿಲಾದ ಹಾದಿಯಾಗಿ ಪೆಸಿಫಿಕ್ ಸಾಗರ ದಾಟಿ, ಮೆಕ್ಸಿಕೊದ ನೆಲವನ್ನು ಅಡ್ಡಹಾಯ್ದು, ಸ್ಪೇನಿಗೆ ಹೊರಟದ್ದು, ಈ ದಡದಲ್ಲಿ ಒಡೆದುಬಿದ್ದಿತ್ತು. ಉಂಗುರದ ಬೆಲೆ ಏನೇ ಇರಲಿ, ಎರಡು ಸಾಗರಗಳನ್ನು ಒಂದು ಮಾಡಿದ ವ್ಯಾಪಾರಕ್ಕೆ ಆ ಬಟ್ಟಲಿನ ಚೂರು ಒಳ್ಳೆಯ ಸಾಕ್ಷಿ. ಲೋಹವನ್ನಷ್ಟೇ ಬಲ್ಲ ಯಂತ್ರ ಪಿಂಗಾಣಿಗೆ ಕೂಗುವುದಿಲ್ಲ. ಮೂಳೆಗೆ ಕೂಗುವುದಿಲ್ಲ, ಬೂದಿಗೆ ಕೂಗುವುದಿಲ್ಲ, ಒಲೆಯ ಕಲ್ಲಿಗೆ ಕೂಗುವುದಿಲ್ಲ. ಕೂಗಿದ ಕಡೆ ಮಾತ್ರ ಅಗೆದು ಹೋಗುವವನು ಇವುಗಳನ್ನೆಲ್ಲ ಕಸವೆಂದು ಬದಿಗೆ ಚೆಲ್ಲುತ್ತಾನೆ.

ಬಂಗಾರದ ಹಾಸು

ಶಿಬಿರದ ಎದುರಿಗೆ ನೀರಿನಲ್ಲಿ ಹಡಗಿನ ಅವಶೇಷ ಸಿಕ್ಕಿತು. ೧೯೬೧ರಲ್ಲಿ ವ್ಯಾಗ್ನರನೂ ಅವನ ಸಂಗಡಿಗರೂ ‘ರಿಯಲ್ ಎಯ್ಟ್’ ಎಂಬ ಕಂಪೆನಿ ಸ್ಥಾಪಿಸಿದರು. ಎಂಟು ರಿಯಾಲಿನ ನಾಣ್ಯವೇ ಆ ಹೆಸರಿಗೆ ಮೂಲ. ಮರುವರ್ಷ ಅವನ ಸೋದರಸಂಬಂಧದ ಹುಡುಗನೊಬ್ಬ ದಡದಲ್ಲಿ ಹನ್ನೊಂದು ಅಡಿಗೂ ಉದ್ದವಾದ ಚಿನ್ನದ ಸರವನ್ನು ಕಂಡ. ಅದರಲ್ಲಿ ಡ್ರ್ಯಾಗನ್ ಆಕಾರದ ಪದಕವಿತ್ತು, ಆ ಪದಕವೇ ಊದುವ ಸೀಟಿ. ೧೯೬೭ರಲ್ಲಿ ಅದು ೫೦,೦೦೦ ಡಾಲರಿಗೆ ಹರಾಜಾಯಿತು. ೧೯೬೪ರ ಮೇ ತಿಂಗಳಿನಲ್ಲಿ, ಅವರೊಡನೆ ಸೇರಿದ್ದ ಮೆಲ್ ಫಿಷರನ ಮುಳುಗುಗಾರರು ಒಂದೇ ದಿನ ಸಾವಿರಕ್ಕೂ ಹೆಚ್ಚು ಬಂಗಾರದ ನಾಣ್ಯಗಳನ್ನು ಮೇಲಕ್ಕೆ ತಂದರು. ಕಡಲ ತಳದಲ್ಲಿ ಬಂಗಾರದ ಜಮಖಾನ ಹಾಸಿದಂತಿತ್ತೆಂದು ವರ್ಣನೆ. ಲೋಕವೇ ಅತ್ತ ತಿರುಗಿ ನೋಡಿತು.

ಆ ಜಮಖಾನವನ್ನು ಬಿಚ್ಚಿದ ರೀತಿಯನ್ನೂ ಹೇಳಬೇಕು. ದೋಣಿಯ ಪ್ರೊಪೆಲರಿಗೆ ಬಾಗಿದ ದೊಡ್ಡ ಕೊಳವೆ ಜೋಡಿಸಿ, ಅದರ ನೀರಿನ ರಭಸವನ್ನು ನೇರ ಕೆಳಕ್ಕೆ ಹರಿಸಿದರೆ, ಮರಳಿನಲ್ಲಿ ನಿಮಿಷಗಳೊಳಗೆ ದೊಡ್ಡ ಹೊಂಡ ಬೀಳುತ್ತದೆ. ನಾಣ್ಯಗಳು ಕಾಣುತ್ತವೆ, ನಿಜ. ಆದರೆ ಯಾವ ಪೆಟ್ಟಿಗೆ ಎಲ್ಲಿತ್ತು, ಯಾವ ಹಲಗೆಗೆ ಯಾವುದು ಅಂಟಿತ್ತು, ಹಡಗು ಯಾವ ಮಗ್ಗುಲಿಗೆ ಒರಗಿ ಒಡೆಯಿತು ಎಂಬುದೆಲ್ಲ ಅದೇ ರಭಸದಲ್ಲಿ ಕೊಚ್ಚಿಹೋಗುತ್ತದೆ. ರಾಜ್ಯಸರ್ಕಾರ ಪುರಾತತ್ತ್ವಜ್ಞನೊಬ್ಬನನ್ನು ನೇಮಿಸಿತು. ಕಾರ್ಲ್ ಕ್ಲಾಸೆನ್ ೧೯೬೫ರಲ್ಲಿ ಆ ಹಡಗುಗಳಲ್ಲೊಂದರ ಬಗೆಗೆ ವರದಿ ಪ್ರಕಟಿಸಿದ. ದೊರೆತ ವಸ್ತುಗಳಲ್ಲಿ ರಾಜ್ಯದ ವಸ್ತುಸಂಗ್ರಹಾಲಯಕ್ಕೆ ಶೇಕಡಾ ೨೦ರವರೆಗೆ ಪಾಲು ಸಲ್ಲುವ ಪದ್ಧತಿ ಬಂದಿತು. ಇಂದು ಒಣ ಮರಳಿನ ಹಲವು ಸಾರ್ವಜನಿಕ ದಡಗಳಲ್ಲಿ ಯಾರು ಬೇಕಾದರೂ ಹುಡುಕಬಹುದು. ಮುಳುಗಿದ ಹಡಗುಗಳಿರುವ ನೀರಿಗೆ ಯಂತ್ರ ಹಿಡಿದು ಇಳಿಯುವಂತಿಲ್ಲ. ಅಲ್ಲಿನ ಹಕ್ಕು ನ್ಯಾಯಾಲಯ ಮಾನ್ಯಮಾಡಿದ ಸಂಸ್ಥೆಯದು.

ಕಾನೂನು ಬಂದ ಮಾತ್ರಕ್ಕೆ ಮನುಷ್ಯಸ್ವಭಾವ ಬದಲಾಗುವುದಿಲ್ಲ. ೨೦೧೫ರಲ್ಲಿ ಗುತ್ತಿಗೆಯ ಮೇಲೆ ದುಡಿಯುತ್ತಿದ್ದ ತಂಡವೊಂದಕ್ಕೆ ೧೦೧ ಬಂಗಾರದ ನಾಣ್ಯಗಳು ದೊರೆತಿದ್ದುವೆಂದೂ, ಅವುಗಳಲ್ಲಿ ೫೧ನ್ನು ಮಾತ್ರ ಒಪ್ಪಿಸಿ ೫೦ನ್ನು ಬಚ್ಚಿಟ್ಟರೆಂದೂ ಅಲ್ಲಿನ ಅಧಿಕಾರಿಗಳು ೨೦೨೪ರಲ್ಲಿ ಪ್ರಕಟಿಸಿದರು. ೩೭ ನಾಣ್ಯಗಳು ಮರಳಿ ಸಿಕ್ಕಿವೆ. ಕದ್ದ ನಾಣ್ಯಗಳಲ್ಲಿ ಮೂರನ್ನು ೨೦೧೬ರಲ್ಲಿ ಮತ್ತೆ ಕಡಲ ತಳದಲ್ಲಿ ಇಟ್ಟು, ಹೊಸದಾಗಿ ಹಣ ಹೂಡುವವರ ಕಣ್ಣಿಗೆ ಆಗತಾನೆ ಸಿಕ್ಕಂತೆ ಮಾಡಲಾಗಿತ್ತೆಂಬುದು ತನಿಖೆಯಿಂದ ಹೊರಟ ಆರೋಪ. ಕಳವಿಗಿಂತ ಈ ಮೂರು ನಾಣ್ಯಗಳ ಕಥೆ ಹೆಚ್ಚು ಯೋಚನೆಗೆ ಹಚ್ಚುತ್ತದೆ. ಅವು ಅಪ್ಪಟ ಬಂಗಾರ. ಅಚ್ಚು ಅಪ್ಪಟ, ಇಸವಿ ಅಪ್ಪಟ. ಆದರೆ ಇದ್ದ ಜಾಗ ಸುಳ್ಳಾದುದರಿಂದ ಅವು ಹೇಳುವ ಮಾತೆಲ್ಲ ಸುಳ್ಳು. ಖೋಟಾ ನಾಣ್ಯವನ್ನು ಗುರುತಿಸುವ ಪರೀಕ್ಷಕನಿದ್ದಾನೆ. ಖೋಟಾ ಜಾಗವನ್ನು ಗುರುತಿಸುವವರು ಯಾರು?

ನೆಲದ ಸಾಕ್ಷ್ಯ

ನಾಣ್ಯ ಸಿಕ್ಕ ಜಾಗಕ್ಕೆ ಎಷ್ಟು ಬೆಲೆಯಿದೆಯೆಂಬುದನ್ನು ತಿಳಿಯಲು ನಾವು ಫ್ಲಾರಿಡಾಕ್ಕೆ ಹೋಗಬೇಕಾದ್ದಿಲ್ಲ. ಚಿತ್ರದುರ್ಗದ ಮಗ್ಗುಲಿನ ಚಂದ್ರವಳ್ಳಿಯಲ್ಲಿ ಎಂ. ಎಚ್. ಕೃಷ್ಣ ಅವರೂ, ಬಳಿಕ ೧೯೪೭ರಲ್ಲಿ ಮಾರ್ಟಿಮರ್ ವೀಲರ್ ಅವರೂ ಉತ್ಖನನ ನಡೆಸಿದಾಗ ರೋಮನ್ ಚಕ್ರವರ್ತಿಗಳ ಬೆಳ್ಳಿ ನಾಣ್ಯಗಳು ದೊರೆತುವು. ಶಾತವಾಹನರ ನಾಣ್ಯಗಳ ಮತ್ತು ಮಡಕೆಚೂರುಗಳ ನೆರೆಯಲ್ಲಿ, ಮಣ್ಣಿನ ಪದರಗಳೊಳಗೆ ಸಿಕ್ಕಿದುದರಿಂದ, ಅವು ಆ ನೆಲದ ಕಾಲವನ್ನು ನಿರ್ಣಯಿಸಲು ನೆರವಾದುವು. ೧೮೯೧ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ರೈಲ್ವೆ ಕೆಲಸಕ್ಕಾಗಿ ಅಗೆಯುವಾಗ ೧೬೩ ರೋಮನ್ ಬೆಳ್ಳಿ ನಾಣ್ಯಗಳ ಗಡಿಗೆ ಸಿಕ್ಕಿತ್ತು. ಎಣಿಕೆಯಲ್ಲಿ ಯಶವಂತಪುರ ದೊಡ್ಡದು. ಇತಿಹಾಸದ ಪದರಗಳನ್ನು ಬಿಡಿಸಿ ತೋರಿಸಿದ್ದು ಚಂದ್ರವಳ್ಳಿ.

ಫ್ಲಾರಿಡಾದ ಆ ಬೆಳ್ಳಿಗೂ ನಮಗೂ ನಂಟಿಲ್ಲವೆಂದೂ ತಿಳಿಯಬಾರದು. ಸ್ಪೇನಿನ ಅಮೆರಿಕದಲ್ಲಿ ಅಚ್ಚಾದ ರಿಯಾಲುಗಳು ಯೂರೋಪನ್ನು ಹಾದು, ಪೋರ್ಚುಗೀಸ್, ಡಚ್ಚ, ಇಂಗ್ಲಿಷ್ ವರ್ತಕರ ಪೆಟ್ಟಿಗೆಗಳಲ್ಲಿ ಭಾರತದ ರೇವುಗಳಿಗೆ ಬರುತ್ತಿದ್ದುವು. ಮೆಣಸಿಗೂ ಬಟ್ಟೆಗೂ ಅವರು ಕೊಡಬಲ್ಲ ಮುಖ್ಯ ಬೆಲೆ ಬೆಳ್ಳಿಯೇ. ನಮ್ಮ ಕರಾವಳಿಯ ಹಳೆಯ ರೇವುಗಳ ಮರಳಿನಲ್ಲಿಯೂ ಇತಿಹಾಸ ಮಲಗಿದೆ. ನೆಲದಲ್ಲಿ ಹುದುಗಿದ್ದ, ಹತ್ತು ರೂಪಾಯಿಗೆ ಮೀರಿದ ಬೆಲೆಯ ವಸ್ತು ಸಿಕ್ಕಿದರೆ ಕಲೆಕ್ಟರರಿಗೆ ತಿಳಿಸಬೇಕೆಂದು ೧೮೭೮ರ ನಿಧಿ ಕಾಯಿದೆ ವಿಧಿಸಿತು. ಹತ್ತು ರೂಪಾಯಿ ಇಂದು ನಗೆಯ ಮಾತಾಗಿರಬಹುದು. ಆದರೆ ಸಿಕ್ಕಿದ್ದನ್ನು, ಸಿಕ್ಕ ಜಾಗವನ್ನು, ಸಿಕ್ಕ ದಿನವನ್ನು ಹೇಳಬೇಕೆಂಬ ನಿಯಮದ ತಿರುಳು ಹಳೆಯದಾಗಿಲ್ಲ. ಶಾಲೆಯ ಹುಡುಗನೊಬ್ಬ ಹೊಲದಲ್ಲಿ ಕಂಡ ತಾಮ್ರದ ಬಿಲ್ಲೆಯನ್ನು ಉಪಾಧ್ಯಾಯರ ಬಳಿಗೆ ತಂದಾಗ, ಅವರು ಕೇಳಬೇಕಾದ ಮೊದಲ ಪ್ರಶ್ನೆ ‘ಇದರ ಬೆಲೆ ಎಷ್ಟು?’ ಎಂಬುದಲ್ಲ, ‘ಎಲ್ಲಿ ಸಿಕ್ಕಿತು, ಜೊತೆಗೆ ಏನಿತ್ತು?’ ಎಂಬುದು.

ಆ ಹನ್ನೊಂದು ಹಡಗುಗಳಲ್ಲಿ ಒಂದರ ಹೆಸರು ಉರ್ಕಾ ದೆ ಲಿಮಾ. ಅದರಲ್ಲಿ ರಾಜನ ಬೆಳ್ಳಿಯಿರಲಿಲ್ಲ. ವೆನಿಲ್ಲಾ, ಚಾಕೊಲೇಟು, ಧೂಪ ಮೊದಲಾದ ಸರಕು ಇತ್ತು, ಅಡಿಗೆಯ ಸಾಮಗ್ರಿ ಇತ್ತು. ಬಿರುಗಾಳಿಯಲ್ಲಿ ಅದು ಚೂರಾಗದೆ ದಡದ ಸಮೀಪ ನಿಂತಿತು. ಬದುಕಿ ಉಳಿದವರಿಗೆ ಆ ದಿನಗಳಲ್ಲಿ ಅನ್ನ ಕೊಟ್ಟದ್ದು ಅದರ ಉಗ್ರಾಣ. ಸಾಮಾನುಗಳನ್ನು ಇಳಿಸಿಕೊಂಡ ಮೇಲೆ, ಇಂಗ್ಲಿಷ್ ಕಡಲುಗಳ್ಳರ ಕಣ್ಣಿಗೆ ಬೀಳದಿರಲೆಂದು ಸ್ಪೇನಿನವರೇ ಅದನ್ನು ನೀರಿನ ಮಟ್ಟದವರೆಗೆ ಸುಟ್ಟುಹಾಕಿದರು. ಬಂಗಾರದ ಹಡಗುಗಳು ಹೊಂಡಗಳಾಗಿ, ಹರಾಜಿನ ಪಟ್ಟಿಗಳಾಗಿ ಚೆದುರಿಹೋದರೂ, ಫೋರ್ಟ್ ಪಿಯರ್ಸಿನ ಬಳಿ ಈ ಹಡಗಿನ ಅಡಿಭಾಗ ಇಂದಿಗೂ ನೀರಿನಲ್ಲಿದೆ. ೧೯೮೭ರಲ್ಲಿ ಫ್ಲಾರಿಡಾ ಸರ್ಕಾರ ಅದನ್ನು ತನ್ನ ಮೊಟ್ಟಮೊದಲ ಜಲಗತ ಪುರಾತತ್ತ್ವ ಸಂರಕ್ಷಿತ ಸ್ಥಳವೆಂದು ಸಾರಿತು. ಈಜಿ ಹೋಗಿ ನೋಡಲು ಎಲ್ಲರಿಗೂ ಅವಕಾಶವಿದೆ. ಏನನ್ನೂ ತೆಗೆದುಕೊಂಡು ಬರುವಂತಿಲ್ಲ.